ಅಳತೆಗಾರನ ಎಡಗೆನ್ನೆ

2025ರ ಮಾರ್ಚ್ 4, ಮಂಗಳವಾರ, ಬೆಳಗ್ಗೆ 6 ಗಂಟೆ 10 ನಿಮಿಷಕ್ಕೆ ನಾನು ಆ ಗೊಂಬೆಯ ಎಡಗೆನ್ನೆಯ ಮೇಲಿದ್ದ ಒಂದು ಸಣ್ಣ ಗೆರೆಯನ್ನು ಚಾಕುವಿನಿಂದ ಹೆರೆದು ತೆಗೆದೆ. ಕೆಲಸಕ್ಕೆ ಹಿಡಿದದ್ದು ಹನ್ನೊಂದು ಸೆಕೆಂಡು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಬಣ್ಣ ಹಚ್ಚಲು ಕೂತಾಗಲೆಲ್ಲ ನಾನು ಪಕ್ಕದಲ್ಲಿ ಗಡಿಯಾರವನ್ನೂ ನೋಟ್‌ಬುಕ್ಕನ್ನೂ ಇಟ್ಟುಕೊಳ್ಳುತ್ತೇನೆ. ಆ ದಿನದ ಪುಟದಲ್ಲಿ ಹೀಗಿದೆ: "ಕೋಣೆಯ ಉಷ್ಣಾಂಶ 24, ತೇವಾಂಶ ಶೇಕಡಾ 58. ಎಡಗೆನ್ನೆಯಲ್ಲಿ ಅಚ್ಚಿನ ಗೆರೆ. ತೆಗೆಯಲಾಯಿತು. ಫಲಿತಾಂಶ ತೃಪ್ತಿಕರ."

ಇಂಥ ಗೊಂಬೆಗಳ ಪರಿಚಯವಿಲ್ಲದವರಿಗೆ ಒಂದು ಮಾತು. ಕೂದಲು ನರೆತ, ಮನೆಮಠ ಇರುವ ನಾವು ಕೆಲವರು ಭಾನುವಾರ ಬೆಳಗ್ಗೆ ಟೈಲರ್ ಅಂಗಡಿಯ ದೊಡ್ಡ ಕತ್ತರಿಸುವ ಮೇಜಿನ ಸುತ್ತ ಸೇರುತ್ತೇವೆ. ಹೆಬ್ಬೆರಳಿಗಿಂತ ಚಿಕ್ಕದಾದ ಸೈನಿಕರನ್ನು ಎದುರುಬದುರು ನಿಲ್ಲಿಸಿ, ಟೇಪು ಹಿಡಿದು ದೂರ ಅಳೆದು, ದಾಳ ಉರುಳಿಸಿ ಯುದ್ಧ ಮಾಡುತ್ತೇವೆ. ಟೈಲರ್ ನಮ್ಮ ತೀರ್ಪುಗಾರರು, ಏಕೆಂದರೆ ಮೇಜು ಅವರದು. ನಮ್ಮ ಬಳಗದಲ್ಲಿ ಬಣ್ಣವಿಲ್ಲದ ಸೈನಿಕನಿಗೆ ಮೇಜು ಹತ್ತಲು ಅನುಮತಿಯಿಲ್ಲ. ಹೀಗಾಗಿ ಒಂದು ಗಂಟೆಯ ಯುದ್ಧಕ್ಕೆ ಇಪ್ಪತ್ತು ಗಂಟೆ ಕುಂಚ ಹಿಡಿಯಬೇಕಾಗುತ್ತದೆ.

ಕಾರ್ಖಾನೆಯ ಗೊಂಬೆಗಳನ್ನು ಅಚ್ಚಿನ ಎರಡು ಹೋಳುಗಳ ನಡುವೆ ಎರಕ ಹೊಯ್ದು ಮಾಡುತ್ತಾರೆ. ಹೋಳುಗಳು ಕೂಡುವ ಕಡೆ ಕೂದಲೆಳೆಯಷ್ಟು ಉಬ್ಬಿದ ಗೆರೆಯೊಂದು ಉಳಿಯುತ್ತದೆ. ಮೂಗಿನ ಮೇಲೋ ಕಿವಿಯ ಪಕ್ಕದಲ್ಲೋ ಅದು ಉಳಿದರೆ ಎಷ್ಟು ಚೆಂದ ಬಣ್ಣ ಹಚ್ಚಿದರೂ ಮಾನ ಹೋಗುತ್ತದೆ. ಅದನ್ನು ಹೆರೆಯುವುದೇ ಮೊದಲ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಹೆರೆದ ಸೈನಿಕರು ಆರುನೂರ ನಲವತ್ತು. ಈಗ ಚಾಕು ತಾನಾಗಿಯೇ ಆ ಗೆರೆಯನ್ನು ಹುಡುಕಿಕೊಂಡು ಹೋಗುತ್ತದೆ. ತಲೆಯನ್ನು ಕೇಳುವುದಿಲ್ಲ.

ನನ್ನ ವೃತ್ತಿಯೂ ಇದಕ್ಕೆ ಹೊಂದುವಂಥದ್ದೇ. ಬೇರೆಯವರ ತಕ್ಕಡಿಗಳು ಸರಿಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನಾನು ಹಿರಿಯ ತಂತ್ರಜ್ಞ. ಪರೀಕ್ಷೆ ಮುಗಿದ ಉಪಕರಣಕ್ಕೆ ಒಂದು ಹಸಿರು ಚೀಟಿ ಅಂಟಿಸುತ್ತೇವೆ: ಪರೀಕ್ಷಿಸಿದ ದಿನ, ಮುಂದಿನ ದಿನ, ಸಹಿ. ನಮ್ಮ ಅಡುಗೆಮನೆಯ ತಕ್ಕಡಿಗೆ, ಗೋಡೆ ಗಡಿಯಾರಕ್ಕೆ, ಜ್ವರ ನೋಡುವ ಥರ್ಮಾಮೀಟರಿಗೆ ನಾನೇ ಅಂಟಿಸಿದ್ದೇನೆ. ಔಷಧದಂಗಡಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಒಂದು ದಿನ ಅಂಥದೇ ಚೀಟಿಯನ್ನು ನನ್ನ ಅಂಗಿಯ ಬೆನ್ನಿಗೆ ಅಂಟಿಸಿ ಕೆಲಸಕ್ಕೆ ಕಳಿಸಿದ್ದಳು. ಅದರ ಮೇಲೆ 'ಅವಧಿ ಮುಗಿದಿದೆ' ಎಂದು ಬರೆದಿತ್ತು. ಸಹೋದ್ಯೋಗಿಗಳು ಸಂಜೆಯವರೆಗೂ ಹೇಳಲಿಲ್ಲ.

ಈಗ ಅಕ್ಕನ ವಿಷಯ. ಅವಳು ದಂತ ತಂತ್ರಜ್ಞೆ. ಊರಿನ ಅರ್ಧ ಜನ ಅವಳು ತಿದ್ದಿದ ಹಲ್ಲಿನಲ್ಲೇ ಊಟ ಮಾಡುತ್ತಾರೆ. ಅದೇ ಸಲಕರಣೆಗಳಿಂದ ಅವಳು ಗೊಂಬೆ ಮಾಡುತ್ತಾಳೆ. ನೀಲಿ ಹಳದಿ ಎರಡು ಬಗೆಯ ಪುಟ್ಟಿಯನ್ನು ಕೈಯಲ್ಲಿ ನಾದಿ ಹಸಿರು ಮಾಡಿ, ತಂತಿಯ ಅಸ್ಥಿಪಂಜರದ ಮೇಲೆ ಮಾಂಸ ಹಚ್ಚಿದಂತೆ ಹಚ್ಚಿ, ಮೊನೆ ಸಲಾಕೆಯಿಂದ ಹುಬ್ಬು, ಗುಂಡಿ, ಉಗುರು ಬಿಡಿಸುತ್ತಾಳೆ. ನನಗೆ ಬಣ್ಣ ಹಚ್ಚಲು ಬರುತ್ತದೆ, ಅವಳಿಗೆ ಜೀವ ತುಂಬಲು ಬರುತ್ತದೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು 'ಏಯ್' ಎಂದು ಕರೆಯುವವಳು ಭೂಮಿಯ ಮೇಲೆ ಅವಳೊಬ್ಬಳೇ.

ಆ 'ಏಯ್' ಕೇಳಿ ಹನ್ನೊಂದು ತಿಂಗಳಾಗಿತ್ತು. ಹೋದ ಏಪ್ರಿಲ್‌ನ ಒಂದು ಭಾನುವಾರದ ಯುದ್ಧದಲ್ಲಿ ಅವಳ ಫಿರಂಗಿ ನನ್ನ ಸೇನಾಪತಿಗೆ ಗುರಿಯಿಟ್ಟಿತು. ಟೈಲರ್ ಟೇಪು ಹಿಡಿದು "ಮುಟ್ಟಿದೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಯೆತ್ತಿ "ತಡೀರಿ" ಎಂದು ಜೇಬಿನಿಂದ ಕೂದಲೆಳೆಯ ದಪ್ಪವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್ ತೆಗೆದೆ. ಹೌದು, ಭಾನುವಾರ ಜೇಬಿನಲ್ಲಿ ಕ್ಯಾಲಿಪರ್ ಇತ್ತು. ಟೇಪಿನ ತುದಿಗೂ ಸೇನಾಪತಿಯ ಪೀಠಕ್ಕೂ ನಡುವೆ ಮೂರು ಮಿಲಿಮೀಟರ್ ಅಂತರ ಸಿಕ್ಕಿತು; ಗುಂಡು ಮುಟ್ಟಲಿಲ್ಲವೆಂದು ತೀರ್ಪು ಬದಲಾಯಿತು. ಅಕ್ಕ ತನ್ನ ಸೈನ್ಯವನ್ನು ಹಲ್ಲಿನ ಡಬ್ಬಿಗಳಲ್ಲಿ ತುಂಬಿಕೊಂಡು ಹೊರಟುಹೋದಳು. ಮರುದಿನ ನಾನು ಪ್ರಯೋಗಾಲಯದಲ್ಲಿ ಕ್ಯಾಲಿಪರನ್ನೇ ಪರೀಕ್ಷಿಸಿ ಅವಳಿಗೆ ಫೋನ್ ಮಾಡಿ, ಉಪಕರಣದ ದೋಷ 0.02 ಮಿಲಿಮೀಟರ್ ಮಾತ್ರ, ಅದನ್ನು ಕಳೆದರೂ ನಿನ್ನೆಯ ತೀರ್ಪು ನಿಲ್ಲುತ್ತದೆ ಎಂದು ತಿಳಿಸಿದೆ. ಇದರಿಂದ ಅವಳಿಗೆ ಸಮಾಧಾನವಾಗುತ್ತದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆಮೇಲೆ ಅವಳು ನನ್ನ ಫೋನ್ ಎತ್ತಲಿಲ್ಲ.

ಮಾರ್ಚ್ 3ರ ಸೋಮವಾರ ಹೆಂಡತಿಯ ಔಷಧದಂಗಡಿಗೆ ಅಕ್ಕನಿಂದ ಒಂದು ಡಬ್ಬಿ ಬಂತು, ಸಂಜೆ ಹೆಂಡತಿ ಅದನ್ನು ಮನೆಗೆ ತಂದಳು. ಒಳಗೆ ಹತ್ತಿಯ ಮೇಲೆ ಒಂದು ಹಸಿರು ಗೊಂಬೆ, ಒಂದು ಚೀಟಿ: "ಬಣ್ಣ ಹಚ್ಚು. ಭಾನುವಾರ ನಾಲ್ಕಕ್ಕೆ ಬಂದು ನೋಡ್ತೀನಿ." ಅಷ್ಟೇ. ಈ ಗೊಂಬೆ ಸರಿಯಾಗಿ ಬಂದರೆ ಅಕ್ಕ ಮತ್ತೆ ಬರುತ್ತಾಳೆ, ಕೆಟ್ಟರೆ ಇನ್ನು ಬರುವುದಿಲ್ಲ ಎಂದು ನನಗೆ ಆ ಕ್ಷಣವೇ ಅನಿಸಿತು. ಚೀಟಿಯನ್ನು ಮತ್ತೆ ಮತ್ತೆ ಓದಿದೆ. ಎಷ್ಟು ಸಲವೆಂದು ಎಣಿಸಲಿಲ್ಲ.

ಗೊಂಬೆಯೇನೋ ಅದ್ಭುತವಾಗಿತ್ತು. ಸೈನ್ಯದ ಜೊತೆ ಹೋಗುವ ಒಬ್ಬ ಅಳತೆಗಾರ ಅಧಿಕಾರಿ. ಉದ್ದ ಕೋಟು. ಹೊಟ್ಟೆಯ ಕೆಳಗೆ ಜಾರಿದ ಬೆಲ್ಟು. ಹಣೆಗೆ ಏರಿಸಿದ ಕನ್ನಡಕ. ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ನೆಲಕ್ಕೆ ಅಳತೆಕೋಲು ಹಿಡಿದಿದ್ದಾನೆ. ಇನ್ನೊಂದು ಕೈ ಹಿಂದಕ್ಕೆ ಎತ್ತಿದೆ, ಇಡೀ ಸೈನ್ಯ ನಿಲ್ಲಲಿ ಎಂಬಂತೆ. ತುಟಿಗಳನ್ನು ಎಷ್ಟು ಬಿಗಿಹಿಡಿದಿದ್ದಾನೆಂದರೆ ಶತ್ರು ಮೈಮೇಲೆ ಬಿದ್ದರೂ ಮೊದಲು ದಶಮಾಂಶ ಮುಗಿಸುತ್ತಾನೆ.

ನೋಡುತ್ತಲೇ ಹೊಟ್ಟೆ ಹಿಡಿದು ನಕ್ಕೆ. "ಇದು ನಮ್ಮ ಸೋದರಮಾವ," ಎಂದು ಹೆಂಡತಿಯನ್ನು ಕರೆದೆ.

ಸೋದರಮಾವ ಭೂಮಾಪನ ಇಲಾಖೆಯಲ್ಲಿದ್ದವರು. ಯಾರ ಮನೆಗೆ ಹೋದರೂ ಕೂರುವ ಮೊದಲು ಬಾಗಿಲಿನ ಚೌಕಟ್ಟು ವಾಲಿದೆ ಎನ್ನುತ್ತಿದ್ದರು. ಅಕ್ಕನೂ ನಾನೂ ಚಿಕ್ಕಂದಿನಲ್ಲಿ ಅವರನ್ನು ಆಡಿಕೊಂಡಷ್ಟು ಇನ್ನಾರನ್ನೂ ಆಡಿಕೊಂಡಿಲ್ಲ.

ಹೆಂಡತಿ ಗೊಂಬೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಸೋದರಮಾವ ಇಷ್ಟು ಹೊಟ್ಟೆ ಬಿಟ್ಟಿದ್ರಾ?"

"ಇಲ್ಲ, ಒಣಕಲು. ಕಲಾವಿದರಿಗೆ ಅಷ್ಟು ಸ್ವಾತಂತ್ರ್ಯ ಇರುತ್ತೆ."

"ಕನ್ನಡಕ?"

"ಹಾಕ್ತಿರಲಿಲ್ಲ. ಅದೂ ಸ್ವಾತಂತ್ರ್ಯವೇ."

"ನಿಮ್ಮಕ್ಕ ತುಂಬಾನೇ ಸ್ವಾತಂತ್ರ್ಯ ತಗೊಂಡಿದ್ದಾರೆ," ಎಂದು ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಅವಳು ನಗು ತಡೆಯಲಾರದೆ ಸೌಟು ಕೈಬಿಟ್ಟಿದ್ದಳೆಂದು ನನಗೆ ತಿಳಿದದ್ದು ಆರು ದಿನಗಳ ನಂತರ.

ಮರುದಿನ ಬೆಳಗ್ಗೆ ಆ ಹನ್ನೊಂದು ಸೆಕೆಂಡಿನ ಕೆಲಸ ಮುಗಿಸಿ, ಪ್ರೈಮರ್ ಬಳಿದು ಒಣಗಲು ಇಟ್ಟೆ. ದಿನವೂ ಕೆಲಸಕ್ಕೆ ಹೋಗುವ ಮುನ್ನ ಎರಡು ಗಂಟೆ, ಬಂದ ಮೇಲೆ ಬೆಳಕಿರುವವರೆಗೆ ಕೂರುವುದೆಂದು ಗೊತ್ತುಮಾಡಿಕೊಂಡೆ. ಮೇಜಿನ ಎಡಕ್ಕೆ ಕುಂಚ ತೊಳೆಯುವ ನೀರಿನ ಲೋಟ, ಬಲಕ್ಕೆ ಚಹಾ. ಎರಡಕ್ಕೂ ಹಸಿರು ಚೀಟಿ ಅಂಟಿಸಿ 'ನೀರು', 'ಚಹಾ' ಎಂದು ಬರೆದಿದ್ದೆ. ಬುಧವಾರ ಕುಂಚವನ್ನು ಚಹಾದಲ್ಲಿ ತೊಳೆದೆ. ಗುರುವಾರ ನೀರನ್ನು ಕುಡಿದೆ. ಚೀಟಿಗಳು ಮಾತ್ರ ಸರಿಯಾದ ಲೋಟಗಳ ಮೇಲೇ ಇದ್ದವು.

ಗುರುವಾರ ಸಂಜೆ ಕೋಟಿನ ಬಣ್ಣ ನಿರ್ಧರಿಸಲು ಟೈಲರ್ ಅಂಗಡಿಗೆ ಹೋದೆ. ಬಟ್ಟೆಯ ಮಡಿಕೆಯಲ್ಲಿ ನೆರಳು ಹೇಗೆ ಕೂರುತ್ತದೆಂದು ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಅವರು ಗೊಂಬೆಯನ್ನು ದೀಪಕ್ಕೆ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಿದರು.

"ಸೊಂಟ ಮೂವತ್ತೆಂಟು," ಎಂದರು.

"ಏನು?"

"ಇವನು ಮನುಷ್ಯನಷ್ಟು ದೊಡ್ಡವನಾಗಿದ್ರೆ ಸೊಂಟ ಮೂವತ್ತೆಂಟು. ಪ್ಯಾಂಟು ಹೊಟ್ಟೆ ಕೆಳಗೆ ಕಟ್ಟೋನು. ಎಡಗಡೆ ಭುಜ ಅರ್ಧ ಇಂಚು ಇಳಿದಿದೆ. ಈ ಅಳತೆ ನನ್ನ ಪುಸ್ತಕದಲ್ಲಿದೆ."

"ಸೋದರಮಾವನೂ ನಿಮ್ಮ ಹತ್ರಾನೇ ಹೊಲಿಸ್ತಿದ್ರಾ?"

"ನಿಮ್ಮ ಸೋದರಮಾವನ್ನ ನಾನು ಕಂಡೇ ಇಲ್ಲ ಸಾರ್."

"ಮತ್ತೆ ಅಳತೆ ಹೇಗೆ ಗೊತ್ತು?"

ಟೈಲರ್ ನನ್ನ ಮುಖವನ್ನು ಸ್ವಲ್ಪ ಹೊತ್ತು ಕನಿಕರದಿಂದ ನೋಡಿದರು. "ಬಿಡಿ. ಕೋಟಿಗೆ ಕಂದು ಹಾಕಿ. ಇಂಥೋರು ಕಂದು ಬಿಟ್ಟು ಬೇರೆ ಕೊಳ್ಳಲ್ಲ."

ಕಂದು ಎಂದರೆ ಯಾವ ಕಂದು? ಅವರು ಕಪಾಟಿನಿಂದ ಬಟ್ಟೆಯ ತುಂಡು ಎಳೆಯುವಷ್ಟರಲ್ಲಿ ನಾನು ಸ್ವಲ್ಪ ಬಗ್ಗಿ, ಕನ್ನಡಕ ಹಣೆಗೇರಿಸಿ, ಕೈಯೆತ್ತಿ "ತಡೀರಿ" ಎಂದೆ. ಟೈಲರ್ ನನ್ನ ಅಂಗೈ ನೋಡಿದರು, ಗೊಂಬೆಯ ಅಂಗೈ ನೋಡಿದರು, ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಕೆಮ್ಮಿದರು. ಬಿಸಿನೀರು ಕುಡಿಯಿರಿ ಎಂದು ಹೇಳಿ ನಾನು ಕಂದು ಪ್ಯಾಂಟಿನಲ್ಲಿ ಮನೆಗೆ ಬಂದೆ.

ಶುಕ್ರವಾರ ಮತ್ತು ಶನಿವಾರ ಮುಖದ ಕೆಲಸ. ಅಕ್ಕ ಒಂದು ಕಣ್ಣು ಮುಚ್ಚಿಸಿದ್ದರಿಂದ ಅರ್ಧ ಕಷ್ಟ ತಪ್ಪಿತೆಂದುಕೊಂಡಿದ್ದೆ. ತೆರೆದ ಕಣ್ಣಿನ ಪಾಪೆ ಅರ್ಧ ಮಿಲಿಮೀಟರಿಗೂ ಕಡಿಮೆ. ಮೊದಲ ಸಲ ಇಟ್ಟಾಗ ಅಳತೆಗಾರನಿಗೆ ಹಾವು ಕಂಡಂತಿತ್ತು. ಎರಡನೆಯ ಸಲ ನಿದ್ದೆಗಣ್ಣು. ಐದನೆಯ ಸಲ ಯಾರನ್ನೋ ಪ್ರೀತಿಸುತ್ತಿದ್ದಾನೆ ಅನಿಸಿತು, ಅದು ಸೋದರಮಾವನಿಗೆ ಹೊಂದುತ್ತಿರಲಿಲ್ಲ. ಉಸಿರು ಬಿಗಿಹಿಡಿದು, ಎರಡು ಹೃದಯಬಡಿತಗಳ ನಡುವೆ ಕುಂಚ ತಾಗಿಸಬೇಕೆಂದು ಒಂದು ವಿಧಾನ ಕಂಡುಹಿಡಿದೆ. ಉಸಿರು ಕಟ್ಟಿ ತಲೆ ಸುತ್ತಿತು, ಹುಬ್ಬಿನ ಮೇಲೆ ಎರಡನೆಯ ಪಾಪೆ ಬಿತ್ತು. ಒಂಬತ್ತನೆಯ ಸಲ, ಹೆಂಡತಿ ಹಿಂದಿನಿಂದ ಬಂದು "ಊಟಕ್ಕೆ ಬನ್ನಿ" ಎಂದಾಗ ಬೆಚ್ಚಿ ಇಟ್ಟ ಚುಕ್ಕೆ ಸರಿಯಾದ ಜಾಗದಲ್ಲಿ ಕೂತಿತು. ನೋಟ್‌ಬುಕ್ಕಿನಲ್ಲಿ 'ವಿಧಾನ ಯಶಸ್ವಿ' ಎಂದು ಬರೆದೆ.

ಕೆನ್ನೆಗೆ ಏಳು ಪದರ ಬಣ್ಣ ಹಚ್ಚಿದೆ. ಒಂದು ಪಾಲು ಬಣ್ಣಕ್ಕೆ ಮೂರು ಪಾಲು ನೀರು, ಪ್ರತಿ ಪದರದ ನಡುವೆ ಇಪ್ಪತ್ತು ನಿಮಿಷ. ಎಡಗೆನ್ನೆ ಅದೆಷ್ಟು ನುಣುಪಾಗಿ ಬಂತೆಂದರೆ ಮೊಟ್ಟೆಯ ಸಿಪ್ಪೆ ನಾಚಬೇಕು. ಗೆರೆಯ ಗುರುತೂ ಇರಲಿಲ್ಲ. ಇಷ್ಟು ವರ್ಷಗಳ ನನ್ನ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಕೆನ್ನೆ ಇನ್ನೊಂದಿಲ್ಲ.

ಭಾನುವಾರ ನಾಲ್ಕು ಗಂಟೆ ಎರಡು ನಿಮಿಷಕ್ಕೆ ಅಕ್ಕ ಬಂದಳು. ಬಾಗಿಲಲ್ಲಿ ನನ್ನ ಹೆಂಡತಿಯ ಭುಜ ತಟ್ಟಿದಳು, ನನಗೆ ತಲೆಯಾಡಿಸಿದಳು, ಹೆಗಲ ಚೀಲವನ್ನು ಇಳಿಸದೆಯೇ ಕಿಟಕಿಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. "ಐದು ನಿಮಿಷ ಅಷ್ಟೇ. ಎಲ್ಲಿ?"

ನಾನು ಗೊಂಬೆಯನ್ನು ಕೊಟ್ಟೆ. ಅವಳು ಚೀಲದಿಂದ ಹಲ್ಲಿನ ಕೆಲಸದ ಭೂತಗನ್ನಡಿ ತೆಗೆದು ಹಣೆಗೆ ಕಟ್ಟಿಕೊಂಡಳು. ಮೊದಲು ಬೂಟು, ಆಮೇಲೆ ಕೋಟಿನ ಅಂಚು, ಬೆಲ್ಟು. ತುಟಿ ಸ್ವಲ್ಪ ಸಡಿಲವಾಯಿತು.

"ಕೋಟು ಚೆನ್ನಾಗಿದೆ."

"ನಾಲ್ಕು ಛಾಯೆ," ಎಂದೆ.

"ಕಣ್ಣೂ ಪರವಾಗಿಲ್ಲ." ಆಮೇಲೆ ಗೊಂಬೆಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಮತ್ತೆ ಎಡಕ್ಕೆ. "ಕೆನ್ನೆ ಮೇಲಿದ್ದ ಗೆರೆ ಎಲ್ಲಿ?"

ನಾನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. "ಅಚ್ಚಿನ ಗೆರೆ ತಾನೆ? ಹನ್ನೊಂದೇ ಸೆಕೆಂಡು. ಬೆರಳು ಆಡಿಸಿ ನೋಡು, ಇತ್ತು ಅಂತಲೂ ಗೊತ್ತಾಗಲ್ಲ."

"ಅಚ್ಚು ಎಲ್ಲಿಂದ ಬಂತೋ? ಕೈಯಲ್ಲಿ ಮಾಡಿದ್ದು."

ಕೈಯಲ್ಲಿ ಮಾಡಿದ ಗೊಂಬೆಗೆ ಅಚ್ಚಿರುವುದಿಲ್ಲ. ಅಚ್ಚಿಲ್ಲದ ಮೇಲೆ ಗೆರೆಯಿರುವುದಿಲ್ಲ. ಅವಳು ಎಲ್ಲವನ್ನೂ ಕೈಯಲ್ಲೇ ಮಾಡುತ್ತಾಳೆಂದು ನನಗೆ ಇಪ್ಪತ್ತೆರಡು ವರ್ಷಗಳಿಂದ ಗೊತ್ತಿತ್ತು. ಚಾಕುವಿಗೆ ಗೊತ್ತಿರಲಿಲ್ಲ.

"ಆದ್ರೆ ಸೋದರಮಾವನ ಕೆನ್ನೆ ಮೇಲೆ ಗೆರೆ ಯಾಕೆ ಬರುತ್ತೆ?" ಎಂದೆ, ಇನ್ನೂ ಬಿಡದೆ.

"ಯಾವ ಸೋದರಮಾವ?"

ಹೆಂಡತಿ ಎದ್ದು ಬಚ್ಚಲುಮನೆಗೆ ಹೋಗಿ, ನಾನು ಗಡ್ಡ ಹೆರೆಯುವ ಕನ್ನಡಿಯನ್ನು ತಂದು ನನ್ನ ಕೈಗೆ ಕೊಟ್ಟಳು. "ಆರು ದಿನದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಇನ್ನು ನನ್ನಿಂದ ಆಗಲ್ಲ."

ಕನ್ನಡಿಯಲ್ಲಿ ಹಣೆಗೇರಿಸಿದ ಕನ್ನಡಕವಿತ್ತು. ಬಿಗಿಹಿಡಿದ ತುಟಿಗಳಿದ್ದವು. ಎಡಗೆನ್ನೆಯ ಮೇಲೆ ಕಿವಿಯ ಕೆಳಗಿನಿಂದ ಬಾಯಿಯ ಕಡೆಗೆ ಇಳಿಯುವ, ಪ್ರತಿದಿನ ಬೆಳಗ್ಗೆ ಬ್ಲೇಡು ಓರೆ ಮಾಡಿ ನಾನು ಬಳಸಿಕೊಂಡು ಹೋಗುವ, ಒಂದು ಬಿಳಿ ಗಾಯದ ಗೆರೆಯಿತ್ತು.

ಅದು ಮೂವತ್ತೆಂಟು ವರ್ಷಗಳ ಹಿಂದಿನದು. ನನಗೆ ಎಂಟು, ಅವಳಿಗೆ ಹನ್ನೊಂದು. ಮಣ್ಣಿನ ಸೈನಿಕರು, ಬಟಾಣಿ ಕಾಳಿನ ಗುಂಡು. ಅವಳ ಗುಂಡು ನನ್ನ ಕೋಟೆಯನ್ನು ಮುಟ್ಟಿತೆಂದು ಅವಳು, ಮುಟ್ಟಲಿಲ್ಲವೆಂದು ನಾನು. ಆಗಲೂ ನಾನು ಸ್ಟೀಲಿನ ಅಡಿಕೋಲು ತಂದು ಅಳೆದು ತೋರಿಸಿದ್ದೆ. ಅವಳು ಅದನ್ನೇ ಕಿತ್ತುಕೊಂಡು ಬೀಸಿದಳು. ರಕ್ತ ನೋಡಿ ಅವಳೇ ಹೆಚ್ಚು ಅತ್ತಳು. ಅಮ್ಮನಿಗೆ ನಾನು ಮೆಟ್ಟಿಲಿನ ಮೇಲೆ ಬಿದ್ದೆ ಎಂದು ಹೇಳಿದೆ. ಆಮೇಲೆ ಆ ವಿಷಯವನ್ನು ನಾವಿಬ್ಬರೂ ಒಂದು ದಿನವೂ ಎತ್ತಿರಲಿಲ್ಲ.

"ಇಡೀ ಗೊಂಬೆ ಎರಡು ದಿನದಲ್ಲಿ ಮುಗೀತು," ಅಕ್ಕ ಗೊಂಬೆಯನ್ನು ನೋಡುತ್ತಲೇ ಹೇಳಿದಳು. "ನಿನ್ನ ಮೇಲೆ ಸಿಟ್ಟಲ್ಲಿ ಮಾಡಿದ್ದು, ಬೇಗ ಬಂತು. ಆ ಗೆರೆ ಒಂದಕ್ಕೆ ನಾಲ್ಕು ದಿನ. ಇಡೋದು, ತೆಗೆಯೋದು. ಬಾಯಲ್ಲಿ ಹೇಳೋಕೆ ನನಗೆ ಬರಲ್ಲ. ಅದಕ್ಕೆ ಮಾಡಿ ಕಳಿಸ್ದೆ." ಭೂತಗನ್ನಡಿ ಬಿಚ್ಚಿದಳು. "ಅದನ್ನೂ ಹೆರೆದು ಬಿಸಾಕಿದೀಯ."

ಗೊಂಬೆಯನ್ನು ಮೇಜಿನ ಮೇಲಿಟ್ಟು, ಎದ್ದು ಚೀಲ ಸರಿಮಾಡಿಕೊಂಡಳು.

ನನ್ನ ಸ್ವಭಾವ ಎಂಥದೆಂದರೆ, ಆ ಹೊತ್ತಿನಲ್ಲೂ ನನ್ನ ಕೈ ನೋಟ್‌ಬುಕ್ಕಿನ ಕಡೆ ಹೋಯಿತು. ಗೆರೆ ಕಿವಿಯ ಬುಡದಿಂದಲೇ ಹೊರಟಿತ್ತು, ಅಚ್ಚಿನ ಗೆರೆಗಳೂ ಸಾಮಾನ್ಯವಾಗಿ ಅಲ್ಲಿಂದಲೇ ಹೊರಡುತ್ತವೆ, ಆದ್ದರಿಂದ ತಪ್ಪು ಸಹಜವೆಂದು ತೋರಿಸಲು ಮಂಗಳವಾರದ ಪುಟ ಸಾಕಿತ್ತು. "ಅಕ್ಕ, ಒಂದು ನಿಮಿಷ, ಅದು ಕಿವಿಯ ಬುಡದಿಂದ..." ಎಂದು ಶುರುವೂ ಮಾಡಿದೆ. ಹೆಂಡತಿ ಸುಮ್ಮನೆ ಅಂಗೈ ಎತ್ತಿ ಹಿಡಿದಳು. ಗೊಂಬೆಯ ಹಾಗೆಯೇ.

ನೋಟ್‌ಬುಕ್ ಮುಚ್ಚಿದೆ. ಮೇಜಿನಿಂದ ಚಾಕು ತೆಗೆದುಕೊಂಡು ಗೊಂಬೆಯ ಎಡಗೆನ್ನೆಯ ಬಣ್ಣವನ್ನು ಕೆರೆಯತೊಡಗಿದೆ. ಏಳು ಪದರಗಳೂ ಪುಡಿಪುಡಿಯಾಗಿ ಉದುರಿ ಕೆಳಗಿನ ಹಸಿರು ಕಾಣುವವರೆಗೆ ಕೆರೆದೆ. ಎಷ್ಟು ಸೆಕೆಂಡು ಹಿಡಿಯಿತೋ, ನೋಡಲಿಲ್ಲ.

"ಏಯ್, ಏನ್ ಮಾಡ್ತಿದೀಯ?"

"ಬಣ್ಣದ ಮೇಲೆ ಪುಟ್ಟಿ ನಿಲ್ಲಲ್ಲ ಅಂತ ನೀನೇ ಹೇಳ್ತಿದ್ದೆ. ಚೀಲದಲ್ಲಿ ಇದೆಯಾ?"

ಅವಳ ಚೀಲದಲ್ಲಿ ಪುಟ್ಟಿ ಇಲ್ಲದ ದಿನವಿಲ್ಲ. ಆದರೂ ಅವಳು ಸ್ವಲ್ಪ ಹೊತ್ತು ಚೀಲವನ್ನು ತೆರೆಯದೆ ನಿಂತಿದ್ದಳು. ಆಮೇಲೆ ಕೂತಳು, ಈ ಸಲ ಪೂರ್ತಿ ಕುರ್ಚಿಯಲ್ಲಿ. ಭೂತಗನ್ನಡಿಯನ್ನು ಮತ್ತೆ ಕಟ್ಟಿಕೊಂಡು, ನೀಲಿ ಹಳದಿ ಚೂರುಗಳನ್ನು ಬೆರಳ ತುದಿಯಲ್ಲಿ ನಾದಿದಳು.

"ಬೆಳಕಿಗೆ ಬಾ."

ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅವಳು ರೋಗಿಯ ದವಡೆ ಹಿಡಿದು ತಿರುಗಿಸುವ ಹಾಗೆ ನನ್ನ ಗಲ್ಲ ಹಿಡಿದು ತಿರುಗಿಸಿದಳು. ಭೂತಗನ್ನಡಿಯ ಹಿಂದೆ ಅವಳ ಕಣ್ಣುಗಳು ದೊಡ್ಡದಾಗಿ, ಒದ್ದೆಯಾಗಿ ಕಂಡವು. ಗೆರೆಯ ಮೇಲೆ ಒಮ್ಮೆ ಹೆಬ್ಬೆರಳು ಇಟ್ಟು ತೆಗೆದಳು.

"ಇಷ್ಟುದ್ದ ಇತ್ತಾ? ಎಷ್ಟಿದೆ ಇದು?"

"ಗೊತ್ತಿಲ್ಲ."

"ಗೊತ್ತಿಲ್ವಾ? ನಿನಗೆ?"

"ಯಾವತ್ತೂ ಅಳೆದಿಲ್ಲ."

ಅವಳು ನನ್ನ ಗಲ್ಲವನ್ನು ಇನ್ನಷ್ಟು ಬೆಳಕಿಗೆ ತಿರುಗಿಸಿದಳು. "ಬಾಯಿ ಮುಚ್ಕೊಂಡು ಕೂತ್ಕೋ. ತುಟಿ ಆಡಿದ್ರೆ ಗೆರೆ ಓಡುತ್ತೆ." ಗೊಂಬೆಯ ಕೆನ್ನೆಯ ಮೇಲೆ ಸಲಾಕೆಯ ಮೊನೆಯಿಂದ ಎಳೆಯೊಂದನ್ನು ಮಲಗಿಸಿದಳು. ಒಂದೇ ಸಲಕ್ಕೆ ಕೂತಿತು. ಗೊಂಬೆಯನ್ನು ಕಿಟಕಿಯ ಅಂಚಿನಲ್ಲಿಟ್ಟು ಕೈ ಒರೆಸಿಕೊಂಡಳು.

"ಅವತ್ತು ಕ್ಯಾಲಿಪರ್ ತೆಗೀಬಾರದಿತ್ತು ನಾನು," ಎಂದೆ.

"ಮೂರು ಮಿಲಿಮೀಟರ್ ನಿಜಾನೇ?"

ಸುಳ್ಳು ಹೇಳಲು ಒಳ್ಳೆಯ ಸಮಯವಾಗಿತ್ತು. "ನಿಜಾನೇ. ಆದ್ರೂ ತೆಗೀಬಾರದಿತ್ತು."

"ಅಡಿಕೋಲು ನಾನೂ ಬೀಸಬಾರದಿತ್ತು," ಎಂದಳು ಅಕ್ಕ. ನನ್ನ ಹೆಂಡತಿಯ ಕಡೆ ತಿರುಗಿ, "ಚಹಾ ಮಾಡ್ತೀಯಾ? ಇವನ ಲೋಟದಲ್ಲಿ ಮಾತ್ರ ಬೇಡ," ಎಂದಳು. ಹೆಗಲಲ್ಲೇ ಇದ್ದ ಚೀಲವನ್ನು ಆಗ ನೆಲಕ್ಕಿಳಿಸಿದಳು.

ಪುಟ್ಟಿ ಬೆರಳಿಗೆ ಅಂಟದಷ್ಟು ಗಟ್ಟಿಯಾಗಲು ತೊಂಬತ್ತು ನಿಮಿಷ ಬೇಕು, ಮತ್ತು ಆ ತೊಂಬತ್ತು ನಿಮಿಷ ಯಾರೂ ಪಕ್ಕದಲ್ಲಿ ಕೂತು ಕಾಯಬೇಕಾಗಿಲ್ಲ. ಗೆರೆ ಇಟ್ಟಾದ ಮೇಲೆ ಅಕ್ಕ ನಮ್ಮ ಮನೆಯಲ್ಲಿ ಕೂತದ್ದು ನೂರ ಎಪ್ಪತ್ತೆರಡು ನಿಮಿಷ.